ಇಂಗ್ಲಿಷಿನ ಕಿರುಪದಗಳು

ನಮ್ಮ ಶಾಲೆಯ ಮೇಲಿನ ಇಯತ್ತೆಗಳ ವಿದ್ಯಾರ್ಥಿಗಳು ಇಂಗ್ಲಿಷಿನ ದೊಡ್ಡ ಪದಗಳಿಗೆ ಅಂಜುವುದಿಲ್ಲ. 'ರೆಸ್ಪಾನ್ಸಿಬಿಲಿಟಿ'ಯಂಥ ಪದದ ಸ್ಪೆಲಿಂಗನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವವರು ಪ್ರತಿಯೊಂದು ವರ್ಗದಲ್ಲಿಯೂ ನಾಲ್ಕಾರು ಮಂದಿ ಇದ್ದಾರೆ. ಅವರನ್ನು ಎಡವಿಸುವುವು 'ಎ', 'ಅಪ್', 'ಆಫ್', 'ಔಟ್', 'ಫ್ಯೂ' ಎಂಬ ಕಿರುಪದಗಳು. ಉತ್ತರಪತ್ರಿಕೆಗಳನ್ನು ತಿದ್ದುವಾಗ ನಮ್ಮ ಕೆಂಪು ಶಾಯಿಯ ಬಹುಪಾಲು ಇವಕ್ಕೇ ವ್ಯಯವಾಗುತ್ತದೆ. ಆದುದರಿಂದ ಈ ಸಲದ ಸಂಚಿಕೆಯಲ್ಲಿ ಇವುಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಮನಸ್ಸು ಮಾಡಿದೆವು.

ಮೊದಲು ನಮ್ಮದೇ ಒಂದು ಅನುಭವವನ್ನು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಊರು ಬಿಟ್ಟು ಮುಂಬಯಿಗೆ ಬಂದ ವರ್ಷ ನಾವು ಫೋರ್ಟ್ ಭಾಗದ ಒಂದು ಕಚೇರಿಗೆ ಕಾರಕೂನಿಕೆಯ ಸಂದರ್ಶನಕ್ಕಾಗಿ ಹೋಗಿದ್ದೆವು. ಮೇಜಿನ ಆಚೆ ಕುಳಿತಿದ್ದ ಅಧಿಕಾರಿಗಳು ಇಂಗ್ಲಿಷ್ ಬರುವುದೇ ಎಂದು ಕೇಳಿದರು. 'ಸ್ವಲ್ಪ ಬರುತ್ತದೆ' ಎಂಬ ಮಾತನ್ನು ಮನಸ್ಸಿನಲ್ಲಿಯೇ ಭಾಷಾಂತರಿಸಿಕೊಂಡು, 'ಐ ನೋ ಲಿಟಲ್ ಇಂಗ್ಲಿಷ್, ಸರ್' ಎಂದು ವಿನಯದಿಂದ ಉತ್ತರಿಸಿದೆವು. ಅವರು ನಮ್ಮ ಕಾಗದಗಳನ್ನು ಮಡಿಸಿ ಹಿಂದಕ್ಕೆ ಕೊಟ್ಟು, ಹಾಗಾದರೆ ಇಲ್ಲಿ ಹೇಗೆ ನಡೆಯಬೇಕು ಎಂದು ಹಿಂದಿಯಲ್ಲಿ ಕೇಳಿದರು. ಹೊರಗೆ ಬಂದು ಬಹಳ ಹೊತ್ತು ಯೋಚಿಸಿದರೂ ನಾವು ಹೇಳಿದ್ದರಲ್ಲಿ ತಪ್ಪೇನೆಂದು ತಿಳಿಯಲಿಲ್ಲ. ಆರು ತಿಂಗಳ ಬಳಿಕ, ಕಾಲುದಾರಿಯ ಮೇಲೆ ಮಾರುತ್ತಿದ್ದ ಹಳೆಯ ಪುಸ್ತಕಗಳಲ್ಲಿ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೊಂದನ್ನು ಕೊಂಡು ಓದಿದಾಗ ತಿಳಿಯಿತು. (ಈ ರೆನ್ನರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, 1924ರಲ್ಲಿ ಪ್ರಕಟವಾದ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯ ಕರ್ತೃವೂ ಅವರೇ ಎಂಬುದು ಅನೇಕರಿಗೆ ತಿಳಿಯದು.)

'ಎ ಲಿಟಲ್' ಎಂದರೆ ಸ್ವಲ್ಪವಾದರೂ ಉಂಟು ಎಂದರ್ಥ. ಬರಿಯ 'ಲಿಟಲ್' ಎಂದರೆ ಇಲ್ಲವೆಂದೇ ಹೇಳಬೇಕಾದಷ್ಟು ಅಲ್ಪ ಎಂದರ್ಥ. ಮೊದಲನೆಯದು ಇರುವುದರ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯದು ಇಲ್ಲದ್ದರ ಕಡೆಗೆ. ನಾವು 'ನನಗೆ ಇಂಗ್ಲಿಷ್ ಬಾರದು' ಎಂದು ನಮ್ಮ ಬಾಯಿಂದಲೇ ಹೇಳಿ ಬಂದಿದ್ದೆವು! ಕೆಲಸ ತಪ್ಪಿದ್ದಕ್ಕೆ ಆ ಒಂದು 'ಎ'ಯೇ ಕಾರಣವೆಂದು ಸಾಧಿಸುವುದಿಲ್ಲ. ನಮಗೆ ಟೈಪಿಂಗೂ ಬರುತ್ತಿರಲಿಲ್ಲ. ಆದರೂ ಅಂದಿನಿಂದ ಆ ಒಂಟಿ ಅಕ್ಷರವನ್ನು ಕಂಡರೆ ನಮಗೆ ಭಯಭಕ್ತಿ.

ಇಂಥ ಸೂಕ್ಷ್ಮ ನಮ್ಮ ಭಾಷೆಯಲ್ಲಿಲ್ಲವೆಂದು ತಿಳಿಯಬಾರದು. 'ನನಗೆ ಇಂಗ್ಲಿಷ್ ಸ್ವಲ್ಪ ಬರುತ್ತದೆ' ಎನ್ನುವುದಕ್ಕೂ 'ನನಗೆ ಇಂಗ್ಲಿಷ್ ಬರುವುದೇ ಸ್ವಲ್ಪ' ಎನ್ನುವುದಕ್ಕೂ ಎಷ್ಟು ಅಂತರ! ಕನ್ನಡವು ಪದಗಳ ಸ್ಥಾನವನ್ನು ಬದಲಿಸಿ, ಒಂದು 'ಏ'ಕಾರವನ್ನು ಹಚ್ಚಿ ಸಾಧಿಸುವುದನ್ನು ಇಂಗ್ಲಿಷು 'ಎ' ಎಂಬ ಆರ್ಟಿಕಲನ್ನು ಇಟ್ಟೋ ಬಿಟ್ಟೋ ಸಾಧಿಸುತ್ತದೆ. 'ಸ್ವಲ್ಪ' ಎಂಬ ಒಂದೇ ಪದಕ್ಕೆ ಪ್ರತಿಪದ ಹುಡುಕಿದವನಿಗೆ ಇದು ದೊರೆಯದು. ವಾಕ್ಯದ ಅಭಿಪ್ರಾಯವನ್ನೇ ಹಿಡಿದು ಹೊರಟವನಿಗೆ ದೊರೆಯುತ್ತದೆ.

'ಎ ಫ್ಯೂ' ಮತ್ತು 'ಫ್ಯೂ' ಎಂಬವುಗಳ ನಡುವೆಯೂ ಇದೇ ಭೇದ. ಆದರೆ ಇವು ಎಣಿಸಬಹುದಾದ ವಸ್ತುಗಳಿಗೆ, 'ಲಿಟಲ್' ಅಳೆಯಬೇಕಾದ ವಸ್ತುಗಳಿಗೆ. ನಲ್ಲಿಯಲ್ಲಿ ಬರುವ ನೀರು 'ಎ ಲಿಟಲ್ ವಾಟರ್'. ಅದನ್ನು ತುಂಬಿಸಿಟ್ಟ ಬಕೆಟ್ಟುಗಳು 'ಎ ಫ್ಯೂ ಬಕೆಟ್ಸ್'. ಮುಂಜಾನೆ ನಲ್ಲಿಯ ಮುಂದೆ ನಿಂತು ಬರುವ ನಮ್ಮ ಮಕ್ಕಳಿಗೆ ಈ ಭೇದವನ್ನು ಬೇರೆ ವಿವರಿಸಬೇಕಾಗಿಲ್ಲ. 'ಮಚ್', 'ಮೆನಿ' ಎಂಬವೂ ಹೀಗೆಯೇ. 'ಎ ಲಾಟ್ ಆಫ್' ಮಾತ್ರ ಎರಡು ಕಡೆಗೂ ಸಲ್ಲುತ್ತದೆ. ಅಲ್ಲಿ ಕ್ರಿಯಾಪದವು 'ಲಾಟ್' ಎಂಬುದನ್ನು ನೋಡದೆ ಮುಂದಿನ ನಾಮಪದವನ್ನು ಅನುಸರಿಸುತ್ತದೆ: 'ಎ ಲಾಟ್ ಆಫ್ ವಾಟರ್ ಈಸ್ ವೇಸ್ಟೆಡ್', 'ಎ ಲಾಟ್ ಆಫ್ ಬಾಯ್ಸ್ ಆರ್ ಆಬ್ಸೆಂಟ್'. ಇಲ್ಲಿಯೂ ಒಂದು ಬಲೆಯಿದೆ. 'ಎ ನಂಬರ್ ಆಫ್ ಬಾಯ್ಸ್ ಆರ್ ಆಬ್ಸೆಂಟ್' ಎಂದರೆ ಹಲವರು ಬಂದಿಲ್ಲ ಎಂದು. 'ದ ನಂಬರ್ ಆಫ್ ಬಾಯ್ಸ್ ಈಸ್ ಫಾರ್ಟಿ' ಎಂದರೆ ಹುಡುಗರ ಸಂಖ್ಯೆ ನಾಲ್ವತ್ತು ಎಂದು. 'ಎ' ಹೋಗಿ 'ದ' ಬಂದೊಡನೆ 'ಆರ್' ಕೂಡ 'ಈಸ್' ಆಯಿತು.

ಇನ್ನು ಎರಡನೆಯ ಪಂಗಡ. ಒಂಬತ್ತನೆಯ ಇಯತ್ತೆಯಲ್ಲಿ 'ದ ಫಾಯರ್‌ಮೆನ್ ಪುಟ್ ಔಟ್ ದ ಫಾಯರ್' ಎಂಬ ವಾಕ್ಯವನ್ನು ಕನ್ನಡಿಸಲು ಕೊಟ್ಟಾಗ, ಜಾಣನಾದ ಒಬ್ಬ ಹುಡುಗನು 'ಅಗ್ನಿಶಾಮಕ ದಳದವರು ಬೆಂಕಿಯನ್ನು ಹೊರಗಿಟ್ಟರು' ಎಂದು ಬರೆದಿದ್ದನು. ವರ್ಗವೆಲ್ಲ ನಕ್ಕಿತು; ನಾವು ನಗಲಿಲ್ಲ. 'ಪುಟ್' ಎಂದರೆ ಇಡು, 'ಔಟ್' ಎಂದರೆ ಹೊರಗೆ. ಕೋಶವನ್ನು ನಂಬಿದವನು ಇನ್ನೇನು ಬರೆದಾನು? ಆದರೆ 'ಪುಟ್ ಔಟ್' ಎಂದರೆ ಆರಿಸು, 'ಪುಟ್ ಆನ್' ಎಂದರೆ ತೊಡು, 'ಪುಟ್ ಆಫ್' ಎಂದರೆ ಮುಂದೂಡು, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊ. ಕ್ರಿಯಾಪದವು ಅವ್ಯಯದೊಡನೆ ಕೂಡಿದಾಗ ಎರಡರ ಅರ್ಥವನ್ನೂ ಮೀರಿ ಮೂರನೆಯದೊಂದು ಹುಟ್ಟುತ್ತದೆ.

ಈ ತೊಡಕು ನಮಗೊಬ್ಬರಿಗೇ ಒದಗಿದುದಲ್ಲ. 1755ರಲ್ಲಿ ತಮ್ಮ ಮಹಾಕೋಶವನ್ನು ಪ್ರಕಟಿಸಿದ ಡಾಕ್ಟರ್ ಜಾನ್ಸನ್ನರು ಅದರ ಮುನ್ನುಡಿಯಲ್ಲಿಯೇ, ಪರಭಾಷಿಕರಿಗೆ ಅತ್ಯಂತ ಕಠಿಣವಾದುದು ಇಂಥ ಜೋಡಣೆಯೆಂದು ಒಪ್ಪಿಕೊಂಡಿದ್ದಾರೆ. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಅಚ್ಚಿನಲ್ಲಿ ರೂಢಿಗೆ ಬಂದುದು ಬಹಳ ಈಚೆಗೆ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ತರ ಗ್ರಂಥದಿಂದ.

ಕನ್ನಡಿಗನಾದವನು ಇವುಗಳಿಗೆ ಹೆದರಬೇಕಾದ ಕಾರಣವನ್ನು ಮಾತ್ರ ನಾವು ಕಾಣೆವು. 'ತಾಯಿ ಮಗುವನ್ನು ನೋಡುತ್ತಾಳೆ', 'ತಾಯಿ ಮಗುವನ್ನು ನೋಡಿಕೊಳ್ಳುತ್ತಾಳೆ' ಎಂಬ ವಾಕ್ಯಗಳನ್ನು ಗಮನಿಸಿರಿ. 'ಕೊಳ್ಳು' ಎಂಬುದು ಸೇರಿದೊಡನೆ ಬರಿಯ ನೋಟವು ಪಾಲನೆಯಾಯಿತು. ಇಂಗ್ಲಿಷಿನ 'ಲುಕ್ ಅಟ್' ಮತ್ತು 'ಲುಕ್ ಆಫ್ಟರ್' ಎಂಬವುಗಳ ಅಂತರವೂ ಅದೇ. ಅಲ್ಲಿ 'ಆಫ್ಟರ್' ಎಂಬುದರ ಬದಲು 'ಫಾರ್' ಎಂದು ಬರೆದರೆ ತಾಯಿಯು ಕಳೆದುಹೋದ ಮಗುವನ್ನು ಹುಡುಕುತ್ತಿದ್ದಾಳೆಂದಾಗಿ, ಓದಿದವರು ಗಾಬರಿಗೊಳ್ಳಬೇಕಾಗುತ್ತದೆ. 'ತಿನ್ನು' ಎಂಬುದಕ್ಕೂ 'ತಿಂದುಬಿಡು' ಎಂಬುದಕ್ಕೂ ಇರುವಂತೆಯೇ 'ಈಟ್' ಮತ್ತು 'ಈಟ್ ಅಪ್'. ಇನ್ನು ನಮ್ಮ 'ಕೈ'ಯ ವೈಭವವನ್ನು ನೋಡಿರಿ: ಕೈಹಿಡಿದವನು ಆಸರೆ, ಕೈಬಿಟ್ಟವನು ನಿರ್ದಯ, ಕೈಕೊಟ್ಟವನು ಮೋಸಗಾರ. ಕನ್ನಡ ಕಲಿಯಲು ಬಂದ ಪರಕೀಯನೊಬ್ಬನು 'ಗೆಳೆಯನು ಕೈಕೊಟ್ಟನು' ಎಂಬುದನ್ನು ಕೇಳಿ, ಎಂಥ ಉದಾರಿ ಎಂದು ಮೆಚ್ಚಿಕೊಂಡರೆ ಅವನನ್ನು ತಪ್ಪೆನ್ನಲಾದೀತೆ? ಬೆಂಕಿಯನ್ನು ಹೊರಗಿಟ್ಟ ನಮ್ಮ ಹುಡುಗನ ತಪ್ಪೂ ಇಷ್ಟೇ. ಆದರೆ ಯಾವ 'ಅಪ್'ಗೆ ನಮ್ಮ 'ಬಿಡು' ಹೊಂದುವುದೆಂಬುದಕ್ಕೆ ನಿಯಮವಿಲ್ಲ. 'ಗಿವ್ ಅಪ್' ಎಂದರೆ ಕೊಟ್ಟುಬಿಡು ಎಂದಲ್ಲ, ತೊರೆದುಬಿಡು ಎಂದು.

ವಾಕ್ಯದಲ್ಲಿ ಈ ಅವ್ಯಯವನ್ನು ಎಲ್ಲಿ ಇಡಬೇಕೆಂಬುದು ಇನ್ನೊಂದು ಪ್ರಶ್ನೆ. 'ಟರ್ನ್ ಆಫ್ ದ ಟ್ಯಾಪ್' ಎನ್ನಬಹುದು, 'ಟರ್ನ್ ದ ಟ್ಯಾಪ್ ಆಫ್' ಎಂದೂ ಎನ್ನಬಹುದು. ಆದರೆ ನಲ್ಲಿಯ ಬದಲು 'ಇಟ್' ಎಂಬ ಸರ್ವನಾಮ ಬಂದಿತೋ, ಅದು ನಡುವೆಯೇ ಕೂಡ್ರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ಎಂಬುದು ಅಶುದ್ಧ. 'ಲುಕ್ ಆಫ್ಟರ್' ಮುಂತಾದವುಗಳಲ್ಲಿ ಮಾತ್ರ ಜೋಡಿಯು ಅಗಲದು. 'ಲುಕ್ ಆಫ್ಟರ್ ಇಟ್' ಎಂದೇ ಬರೆಯಬೇಕು. ಯಾವುದು ಅಗಲುವುದು, ಯಾವುದು ಅಗಲದು ಎಂಬುದನ್ನು ಪಟ್ಟಿಗಳನ್ನು ಬಾಯಿಪಾಠ ಮಾಡಿ ಕಲಿಯುವುದಕ್ಕಿಂತ ಇಡಿಯ ವಾಕ್ಯವನ್ನೇ ವಹಿಯಲ್ಲಿ ಬರೆದಿಟ್ಟುಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಜಪಾನೀ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿ ಅನುಭವವಿದ್ದ ಹಾರ್ನ್‌ಬಿಯವರು ಇತರರೊಡನೆ ಸಿದ್ಧಪಡಿಸಿ, 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ಕೋಶವು ಅರ್ಥದೊಡನೆ ವಾಕ್ಯಗಳನ್ನೂ ಕೊಟ್ಟಿತು. ಅದೇ ಮುಂದೆ ಬೆಳೆದು ಆಕ್ಸ್‌ಫರ್ಡಿನ ವಿದ್ಯಾರ್ಥಿಕೋಶವಾಗಿದೆ.

ಕೊನೆಯದಾಗಿ ಒಂದು ವಿಚಿತ್ರವನ್ನು ಹೇಳಬೇಕು. ಈ ವರ್ಷದ ಸ್ನೇಹಸಮ್ಮೇಳನದ ಇಂಗ್ಲಿಷ್ ವರದಿಯನ್ನು ಬರೆದ ವಿದ್ಯಾರ್ಥಿನಿಯು 'ಫ್ಯೂ ಪೇರೆಂಟ್ಸ್ ಕೇಮ್' ಎಂದು ಬರೆದು ತಂದಳು. ಪಾಲಕರು ಬರಲೇ ಇಲ್ಲವೆಂದಂತಾಯಿತಲ್ಲಮ್ಮ ಎಂದೆವು. ಅವಳು 'ಎ ಫ್ಯೂ' ಎಂದು ತಿದ್ದಿದಳು. ಆಗಲೂ ಬಂದವರು ನಾಲ್ಕೇ ಮಂದಿಯಾದರು. ಆ ಮೇಲೆ ನಾವು ಅದರ ಹಿಂದೆ 'ಕ್ವೈಟ್' ಎಂಬುದೊಂದನ್ನು ಸೇರಿಸಿದೆವು. 'ಕ್ವೈಟ್ ಎ ಫ್ಯೂ' ಎಂದರೆ ಇಂಗ್ಲಿಷಿನಲ್ಲಿ ಬಹಳ ಮಂದಿ ಎಂದರ್ಥ! ಅಂದು ಕುರ್ಚಿಗಳು ಸಾಲದೆ, ಐದನೆಯ ಇಯತ್ತೆಯ ಕೋಣೆಯಿಂದ ಬೆಂಚುಗಳನ್ನು ಹೊತ್ತು ತಂದವರಿಗೆ ಆ ವಾಕ್ಯವು ಈಗ ಸರಿಯೆನಿಸೀತು.