ಮತ್ತೊಮ್ಮೆ ಅಬ್ಲೇಶನ್ ಬೇಕೆ?

ಸೀತೂರಿನ ಅಡಕೆ ತೋಟದ ಮನೆಯಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರೆಗೆ ಹೋಗಿ, ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ನಿಗೆ, ಒಳಗೆ ಸಣ್ಣ ಗಾಯಗಳನ್ನು ಮಾಡಿ ದಾರಿತಪ್ಪಿದ ವಿದ್ಯುತ್ತನ್ನು ತಡೆಯುವ ಅಬ್ಲೇಶನ್ ಚಿಕಿತ್ಸೆ ಮಾಡಿಸಿಕೊಂಡು ಬಂದ ಹಿರಿಯರ ಎದೆಬಡಿತ ತಿಂಗಳೊಳಗೇ ಮತ್ತೆ ತಾಳ ತಪ್ಪಿದರೆ ಎದೆಗುಂದಬೇಕಾದುದಿಲ್ಲ. ಗಾಯ ಮಾಯುವ ಮೊದಲ ಎರಡು ಮೂರು ತಿಂಗಳ ಅಸ್ಥಿರತೆಯನ್ನು ವೈದ್ಯರು ಸೋಲೆಂದು ಗಣಿಸುವುದಿಲ್ಲ.

ಆ ಬಳಿಕವೂ ಮರುಕಳಿಸಿದರೆ? ಈ ವ್ಯಾಧಿಯ ಪ್ರಚೋದನೆ ಬಹುಮಟ್ಟಿಗೆ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿದೆಯೆಂದು ಫ್ರಾನ್ಸಿನ ವೈದ್ಯ ಹೈಸಾಗೇರ್ 1998ರಲ್ಲಿ ತೋರಿಸಿಕೊಟ್ಟರು. ಅವುಗಳ ಸುತ್ತ ಮೊದಲ ಅಬ್ಲೇಶನ್ನಿನಲ್ಲಿ ಹಾಕಿದ ಗಾಯದ ಬೇಲಿಯಲ್ಲಿ ಸಂದು ಬಿಟ್ಟು ವಿದ್ಯುತ್ ನುಸುಳುತ್ತಿದ್ದರೆ, ಎರಡನೆಯ ಅಬ್ಲೇಶನ್ ಅದನ್ನು ಮುಚ್ಚಬಲ್ಲುದು. ಆದರೆ ಅಧಿಕ ರಕ್ತದೊತ್ತಡ, ಬೊಜ್ಜು, ಮದ್ಯಪಾನ, ನಿದ್ರೆಯಲ್ಲಿ ಉಸಿರುಕಟ್ಟುವ ಗೊರಕೆ, ಇವನ್ನು ಹದಕ್ಕೆ ತಾರದೆ ಮತ್ತೆ ಅವಸರಿಸುವುದು ಯುಕ್ತವಲ್ಲ.

ಬಡಿತ ತಪ್ಪಿದಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ, ಆ ಚೀಟಿಯನ್ನು ಜೋಪಾನವಾಗಿ ವೈದ್ಯರಿಗೆ ತೋರಿಸಿರಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನಂತೂ, ಬಡಿತ ಸರಿಹೋಯಿತೆಂದು ತಾವಾಗಿಯೇ ನಿಲ್ಲಿಸಬಾರದು.