ಮಾಗಿಯ ಹೂದೋಟ

ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಮೈದಾನ ಸೀಮೆಯ ಜಿಲ್ಲೆಗಳಲ್ಲಿ ಕಾರ್ತಿಕ ಮಾಸದವರೆಗೆ ಹೊಲಕ್ಕಿಂತ ಸೊಗಸಾದ ಉದ್ಯಾನವನ್ನು ಬೇರೆಡೆಯಲ್ಲಿ ಹುಡುಕಬೇಕಾದುದಿಲ್ಲ. ರಾಗಿಯ ನಡುವಣ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯ ಪಟ್ಟೆಗಳನ್ನು ಎಳೆದಿರುತ್ತದೆ. ತೊಗರಿಯು ಹೂವಿಗೆ ಬಂದಿರುತ್ತದೆ. ಅವರೆಯ ಹೂಗೊಂಚಲುಗಳು ಮಂಜಿನಲ್ಲಿ ತೊಯ್ದು ನಿಂತಿರುತ್ತವೆ. ಕುಯ್ಲು ಮುಗಿದು ಮೆದೆ ಒಟ್ಟಿದ ಮೇಲೆ ಈ ಬಣ್ಣವೆಲ್ಲವೂ ಕೆಲವೇ ದಿವಸಗಳಲ್ಲಿ ಮರೆಯಾಗಿ, ಕೂಳೆ, ಧೂಳು, ಬರಿಯ ಬದು, ಇವಿಷ್ಟೇ ಕಣ್ಣಿಗೆ ಉಳಿಯುತ್ತವೆ. ರೈತನಿಗೆ ಸ್ವಲ್ಪ ಬಿಡುವು ದೊರೆಯುವುದೂ, ಸಂಕ್ರಾಂತಿ, ಜಾತ್ರೆ, ದನಗಳ ಪರಿಷೆಗಳು ನಡೆಯುವುದೂ, ನೆಂಟರಿಷ್ಟರು ಊರಿಗೆ ಬರುವುದೂ ಈ ಕಾಲದಲ್ಲಿಯೇ. ಊರು ಬೋಳಾಗಿರುವ ಈ ಸಮಯದಲ್ಲಿ ದೇವರ ಪೂಜೆಗೂ ಹೆಂಗಸರ ಮುಡಿಗೂ ಬೇಕಾದ ಹೂವನ್ನು ಹಣ ಕೊಟ್ಟು ಪೇಟೆಯಿಂದ ತರಿಸುವ ಮನೆಗಳು ಬಹಳ ಉಂಟು.

ಹಿತ್ತಲಿನಲ್ಲಾಗಲಿ ಊರ ಚಾವಡಿಯ ಮುಂದಾಗಲಿ ಹೂದೋಟವನ್ನು ಮಾಡಬೇಕೆಂಬ ಆಸೆ ಅನೇಕರಿಗೆ ಇಲ್ಲದೆ ಇಲ್ಲ. ಆದರೆ ಆ ಆಸೆಯು ಹುಟ್ಟುವುದು ಸಾಮಾನ್ಯವಾಗಿ ಕುಯ್ಲಾದ ಮೇಲೆ. ಮಾರ್ಗಶಿರದಲ್ಲಿ ಸಸಿಗಳನ್ನು ತಂದು ನೆಡುತ್ತಾರೆ. ಆ ವೇಳೆಗೆ ಹಿಂಗಾರು ಮಳೆಯು ಹಿಂದೆಗೆದಿರುತ್ತದೆ. ಚಳಿಯಿಂದ ಬೇರಿನ ಬೆಳವಣಿಗೆ ನಿಧಾನವಾಗುತ್ತದೆ. ಸಸಿಯು ಗೇಣುದ್ದವೇ ನಿಂತು, ಒಂದೆರಡು ಹೂಗಳನ್ನು ಬಿಟ್ಟು, ಮಾಘದ ಬಿಸಿಲಿಗೆ ಸೊರಗಿ ಸಾಯುತ್ತದೆ. ಹಾಕಿದ ನೀರೂ ಪಟ್ಟ ಶ್ರಮವೂ ವ್ಯರ್ಥವಾಗಿ, ‘ನಮ್ಮ ನೆಲಕ್ಕೆ ಹೂವು ಒಗ್ಗುವುದಿಲ್ಲ’ ಎಂಬ ಮಾತು ಮಾತ್ರ ಊರಿನಲ್ಲಿ ನಿಲ್ಲುತ್ತದೆ. ದೋಷವು ನೆಲದ್ದಲ್ಲ, ಕಾಲದ್ದು. ಮಾಗಿಯ ತೋಟವು ಮಾಗಿಯಲ್ಲಿ ನೋಡುವಂಥದು; ಮುಂಗಾರಿನಲ್ಲಿ ಮಾಡುವಂಥದು.

ಹಗಲಿನ ಅಳತೆಯೂ ಹೂವೂ

ಇದರ ಕಾರಣವನ್ನು ಅವರೆಯ ಬೆಳೆಯಿಂದಲೇ ತಿಳಿಯಬಹುದು. ನಾಟಿ ಅವರೆಯನ್ನು ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ ಅದು ಹೂವಿಗೆ ಬರುವುದು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಎಂಬುದು ಸರ್ವರಿಗೂ ತಿಳಿದ ವಿಷಯ. ಮುಂಚಿತವಾಗಿ ಬಿತ್ತಿದ ಗಿಡವು ದೊಡ್ಡದಾಗಿರುತ್ತದೆ, ತಡವಾದುದು ಚಿಕ್ಕದಾಗಿರುತ್ತದೆ, ವ್ಯತ್ಯಾಸವಿಷ್ಟೆ. ಹಗಲು ಕುಗ್ಗಿ ಇರುಳು ಹಿಗ್ಗಿದಾಗಲೇ ಹೂಬಿಡುವ ಸಸ್ಯಗಳು ಹಲವು ಉಂಟೆಂದು 1920ರಲ್ಲಿ ಅಮೆರಿಕಾದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿದ್ವಾಂಸರು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಹಗಲಿನ ಅಳತೆಗೆ ಕಟ್ಟುಬೀಳದೆ ಯಾವ ಕಾಲದಲ್ಲಿಯಾದರೂ ಕಾಯಿ ಕೊಡುವ ಹೆಬ್ಬಾಳ ಅವರೆಯಂತಹ ತಳಿಗಳು ಬಂದುದು ಆ ಬಳಿಕ.

ಬೆಂಗಳೂರಿನ ಸೀಮೆಯಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರವು ಸುಮಾರು ಒಂದೂವರೆ ಗಂಟೆ ಮಾತ್ರ. ಆದರೂ ಸೇವಂತಿಗೆಯು ಆ ಸ್ವಲ್ಪ ಅಂತರವನ್ನು ತಪ್ಪದೆ ಗುರುತಿಸುತ್ತದೆ. ಇರುಳು ಬೆಳೆದಂತೆ ಅದು ಮೊಗ್ಗು ಕಟ್ಟುತ್ತದೆ. ಆ ಹೊತ್ತಿಗೆ ಗಿಡವು ಪೊದೆಯಾಗಿದ್ದರೆ ಹೂವು ನೂರು. ಗೇಣುದ್ದವಿದ್ದರೆ ಹೂವು ನಾಲ್ಕು.

ಸ್ಥಳವೂ ನೆಲವೂ

ಹೊಸದಾಗಿ ಪ್ರಾರಂಭಿಸುವವರು ಮೂವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಸ್ಥಳವನ್ನು ಮೀರಕೂಡದು. ಇದು ಗುಂಟೆಯ ಮೂರನೆಯ ಒಂದು ಭಾಗ. ದಿನದಲ್ಲಿ ಆರು ಗಂಟೆಯಾದರೂ ಬಿಸಿಲು ಬೀಳುವ, ಜಗುಲಿಯಿಂದ ಅಥವಾ ಬೀದಿಯಿಂದ ಕಾಣುವ, ದನಕರುಗಳು ನುಗ್ಗದಂತೆ ಬೇಲಿ ಹಾಕಲು ಅನುಕೂಲವಾದ ಸ್ಥಳವೇ ಉತ್ತಮ. ಮಾಗಿಯಲ್ಲಿ ಸೂರ್ಯನು ತೆಂಕಣಕ್ಕೆ ವಾಲಿರುವುದರಿಂದ ಎತ್ತರದ ಗಿಡಗಳನ್ನು ಬಡಗಣ ಅಂಚಿನಲ್ಲಿ ನೆಡತಕ್ಕದ್ದು. ಹೀಗೆ ಮಾಡಿದರೆ ಅವುಗಳ ನೆರಳು ಕಿರಿಯ ಗಿಡಗಳ ಮೇಲೆ ಬೀಳುವುದಿಲ್ಲ.

ಇನ್ನೊಂದು ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ಚಾವಡಿಯ ಮುಂದೆ ರಾತ್ರಿಯಿಡೀ ಬೀದಿದೀಪ ಉರಿಯುತ್ತಿದ್ದರೆ, ಅದರ ಬುಡದಲ್ಲಿ ಸೇವಂತಿಗೆಯನ್ನು ಹಾಕಕೂಡದು. ದೀಪದ ಬೆಳಕನ್ನು ಗಿಡವು ಹಗಲೆಂದೇ ಎಣಿಸಿ, ಎಲೆಯನ್ನೇ ಬೆಳೆಸುತ್ತ ಮೊಗ್ಗನ್ನು ತಡೆಯುತ್ತದೆ. ವ್ಯಾಪಾರಕ್ಕಾಗಿ ಹೂ ಬೆಳೆಯುವವರು ಹೂವನ್ನು ತಡಮಾಡಿಸಬೇಕಾದಾಗ ಬೇಕೆಂದೇ ರಾತ್ರಿ ದೀಪ ಹೊತ್ತಿಸುವುದುಂಟು. ದೀಪದ ಬಳಿಗೆ ಚೆಂಡುಹೂವು, ದಾಸವಾಳಗಳು ತಕ್ಕವು.

ಮುಂಗಾರಿನ ಮೊದಲ ಮಳೆಗೆ ನೆಲವನ್ನು ಒಂದಡಿ ಆಳಕ್ಕೆ ಅಗೆದು, ಐದಾರು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಮೂರು ನಾಲ್ಕು ಕಿಲೋ ಹೊಂಗೆಯ ಹಿಂಡಿಯನ್ನೂ ಬೆರೆಸಬೇಕು. ಹಸಿ ಗೊಬ್ಬರವು ಗೊಣ್ಣೆಹುಳುವಿಗೂ ಗೆದ್ದಲಿಗೂ ಆಹ್ವಾನವಿತ್ತಂತೆ. ಸೇವಂತಿಗೆಯ ಬೇರು ನಿಂತ ನೀರನ್ನು ಸಹಿಸದಾದ್ದರಿಂದ ಅದರ ಪಾತಿಯನ್ನು ಅರ್ಧ ಅಡಿ ಏರಿಸಿಯೇ ಕಟ್ಟತಕ್ಕದ್ದು.

ಗಿಡಗಳೂ ಅವುಗಳ ಕ್ರಮವೂ

ಬಣ್ಣವು ಒಂದೇ ಸಲ ಬಂದು ಹೋಗದೆ, ಒಂದರ ಹಿಂದೆ ಒಂದಾಗಿ ಬರುವಂತೆ ಗಿಡಗಳನ್ನು ಜೋಡಿಸುವುದೇ ತೋಟದ ಮರ್ಮ. 1908ರಿಂದ 1932ರವರೆಗೆ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ಲರು ನಗರದ ಬೀದಿಗಳಲ್ಲಿ ಇದೇ ನಿಯಮವನ್ನು ಅನುಸರಿಸಿ, ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಜಾತಿಯದು ಅರಳುವಂತೆ ಸಾಲುಮರಗಳನ್ನು ಹಾಕಿಸಿದರು. ಅದೇ ಕ್ರಮವನ್ನು ಹಳ್ಳಿಯ ಚಿಕ್ಕ ಪಾತಿಯಲ್ಲಿಯೂ ನಡೆಸಬಹುದು.

ಮೊದಲನೆಯದು ಸೇವಂತಿಗೆ. ಹಳೆಯ ಗಿಡದ ಬುಡದಿಂದ ಎದ್ದ ಬೇರುಳ್ಳ ಮರಿಗಳನ್ನು ಆಷಾಢದಲ್ಲಿ ಒಂದಡಿಗೆ ಒಂದರಂತೆ ಎರಡು ಸಾಲು ನೆಟ್ಟರೆ ಅರುವತ್ತು ಗಿಡಗಳು ಹಿಡಿಯುತ್ತವೆ. ನಾಲ್ಕು ವಾರಗಳಾದ ಮೇಲೆ ಕುಡಿಯನ್ನು ಚಿವುಟಬೇಕು. ಹೀಗೆ ಮಾಡಿದರೆ ಕವಲುಗಳು ಒಡೆದು ಪೊದೆಯಾಗುತ್ತದೆ. ಭಾದ್ರಪದ ಹುಟ್ಟಿದ ಮೇಲೆ ಚಿವುಟಕೂಡದು. ಚಿವುಟಿದರೆ ಮೊಗ್ಗೇ ಹೋದೀತು. ಹೂವು ಕಾರ್ತಿಕದ ಕೊನೆಯಿಂದ ಪುಷ್ಯದವರೆಗೆ ದೊರೆಯುತ್ತದೆ.

ಎರಡನೆಯದು ಚೆಂಡುಹೂವು. ಇದರ ಬೀಜವನ್ನು ಭಾದ್ರಪದದಲ್ಲಿ ಒಟ್ಲು ಹಾಕಿ, ತಿಂಗಳ ಸಸಿಯನ್ನು ಒಂದೂವರೆ ಅಡಿಗೆ ಒಂದರಂತೆ ನಾಟಿ ಮಾಡಬೇಕು. ಹದಿನೈದು ದಿವಸಗಳ ಅಂತರದಲ್ಲಿ ಎರಡು ಸಾರಿ ಒಟ್ಲು ಹಾಕಿದಲ್ಲಿ ಸೇವಂತಿಗೆ ಇಳಿಮುಖವಾಗುವ ಕಾಲಕ್ಕೆ ಎರಡನೆಯ ಸಾಲು ತುಂಬಿ ನಿಲ್ಲುತ್ತದೆ. ಇದರ ಬೇರಿನಿಂದ ಒಸರುವ ರಸವು ಬದನೆ, ಟೊಮೇಟೊಗಳ ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಜಂತುಗಳನ್ನು ಕಡಿಮೆ ಮಾಡುವುದರಿಂದ, ಮುಂದಿನ ವರ್ಷ ಆ ಸ್ಥಳದಲ್ಲಿ ತರಕಾರಿ ಹಾಕಿದರೆ ಲಾಭವೇ. ಬಿಳಿ, ನೀಲಿ, ಗುಲಾಬಿ ಬಣ್ಣಗಳು ಬೇಕೆನ್ನುವವರು ಚೆಂಡುಹೂವಿನ ಒಂದು ಸಾಲಿಗೆ ಬದಲಾಗಿ ಆಸ್ಟರ್ ಹಾಕಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ತಳಿಗಳು ಈ ಸೀಮೆಗೆ ಒಗ್ಗಿದವು.

ಬಡಗಣ ಅಂಚಿಗೆ ಪಾಯಿನ್ಸೆಟಿಯಾ ಗಿಡವು ಬಹು ಚೆನ್ನು. ಮೆಕ್ಸಿಕೋ ದೇಶದ ಈ ಗಿಡದಲ್ಲಿ ಕೆಂಪಾಗಿ ಕಾಣುವುದು ಹೂವಲ್ಲ, ಹೂವಿನ ಸುತ್ತಣ ಎಲೆ. ಆದುದರಿಂದಲೇ ಆ ಬಣ್ಣವು ವಾರಗಟ್ಟಲೆ ಬಾಡುವುದಿಲ್ಲ. ಮಳೆಗಾಲದ ಆದಿಯಲ್ಲಿ ಕಡ್ಡಿಗಳನ್ನು ಐದಡಿಗೆ ಒಂದರಂತೆ ಊರಬೇಕು. ಇದೂ ಸಹ ದೀರ್ಘವಾದ ಇರುಳನ್ನು ಬಯಸುವ ಗಿಡ. ಗೋಡೆಯೋ ಚಪ್ಪರವೋ ಇದ್ದಲ್ಲಿ ಬ್ರೆಜಿಲ್ ದೇಶದ ಪೈರೋಸ್ಟೀಜಿಯಾ ಬಳ್ಳಿಯನ್ನು ಹಬ್ಬಿಸಬಹುದು. ಪುಷ್ಯ ಮಾಘಗಳಲ್ಲಿ ಅದರ ಕಿತ್ತಳೆ ಬಣ್ಣದ ಹೂಗೊಂಚಲುಗಳು ಎಲೆಯೇ ಕಾಣದಂತೆ ಮುಚ್ಚುತ್ತವೆ. ಹೂವಾದ ಕೂಡಲೇ ಅದನ್ನು ಕತ್ತರಿಸಿದರೆ ಮುಂದಿನ ವರ್ಷದ ಹೂವು ಹೊಸ ಕುಡಿಗಳಲ್ಲಿ ಸಮೃದ್ಧವಾಗಿ ಬರುತ್ತದೆ. ಪಾತಿಯ ಮುಂದಣ ಅಂಚಿಗೆ ದವನ ತಕ್ಕುದು. ಬೀಜವು ಬಹು ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಕಾರ್ತಿಕದಲ್ಲಿ ಚೆಲ್ಲಿದರೆ, ಬೇರೆ ಹೂಗಳು ಮುಗಿಯುವ ಮಾಘ ಫಾಲ್ಗುಣಗಳಲ್ಲಿ ಅದರ ಬೂದುಬಣ್ಣದ ಎಲೆಯೂ ಕಂಪೂ ತೋಟವನ್ನು ತುಂಬುತ್ತವೆ.

ಹೂವೊಂದೇ ಬಣ್ಣವಲ್ಲ. ಬೇಲಿಯ ಮಗ್ಗುಲಿನ ನೆಲ್ಲಿಯು ಉತ್ಥಾನ ದ್ವಾದಶಿಗೆ ತುಳಸಿಯ ಕಟ್ಟೆಗೆ ಕಾಯಿ ತುಂಬಿದ ಕೊಂಬೆಯನ್ನು ಕೊಡುತ್ತದೆ. ಎಳಚಿಯ ಮರವು ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎರೆಯುವ ಹಣ್ಣನ್ನು ಕೊಡುತ್ತದೆ. ಸೀಬೆಯ ಚಕ್ಕೆ ಬಿಡುವ ನುಣುಪಾದ ತೊಗಟೆಯೂ ಎಳಬಿಸಿಲಿನಲ್ಲಿ ನೋಡತಕ್ಕದ್ದೇ. ಬದುವಿನಲ್ಲಿ ಒಂದು ಮುತ್ತುಗ ಅಥವಾ ಕೆಂಪು ಬೂರುಗವಿದ್ದರೆ, ಎಲೆಯುದುರಿದ ಬರಿಯ ಕೊಂಬೆಗಳಲ್ಲಿ ಹೂಬಿಟ್ಟು ಶಿಶಿರವನ್ನು ವಸಂತಕ್ಕೆ ಸೇರಿಸುತ್ತದೆ.

ನೀರಿನ ಲೆಕ್ಕ

ತೋಟವು ಉಳಿಯುವುದೂ ಅಳಿಯುವುದೂ ಇದರ ಮೇಲೆ. ಮೇಲೆ ಹೇಳಿದ ಅಳತೆಯ ಪಾತಿಗೆ ಮಳೆ ನಿಂತ ಮೇಲೆ ದಿನವಹಿ ಲೆಕ್ಕದಲ್ಲಿ ಎಂಟು ಹತ್ತು ಕೊಡ ನೀರು ಬೇಕಾಗುತ್ತದೆ. ಐದಾರು ಮಂದಿಯಿರುವ ಮನೆಯ ಬಚ್ಚಲ ನೀರೇ ಇದಕ್ಕೆ ಸಾಕು. ಆದರೆ ಬಟ್ಟೆ ಒಗೆಯುವ ಪುಡಿಯ ನೀರು ಕೂಡದು. ಚಾವಡಿಯ ತೋಟಕ್ಕೆ ಸಾರ್ವಜನಿಕ ನಲ್ಲಿಯ ಬುಡದಲ್ಲಿ ಚೆಲ್ಲಿಹೋಗುವ ನೀರನ್ನು ಸಣ್ಣ ಕಾಲುವೆಯಿಂದ ತಿರುಗಿಸಿದರೆ, ಕೆಸರೂ ಸೊಳ್ಳೆಯೂ ತಪ್ಪಿ ಎರಡು ಕೆಲಸವಾದಂತಾಗುತ್ತದೆ. ಗಿಡದ ಬುಡಕ್ಕೆ ಒಣ ಎಲೆಯನ್ನಾಗಲಿ ಹೊಂಗೆಯ ಸೊಪ್ಪನ್ನಾಗಲಿ ಮೂರು ಬೆರಳು ದಪ್ಪ ಹೊದಿಸಿದರೆ ಈ ಲೆಕ್ಕವೂ ಕಡಿಮೆಯಾಗುತ್ತದೆ. ರಾಗಿಯ ಹುಲ್ಲು ದನಗಳ ಪಾಲಿನದು. ಅದನ್ನು ಈ ಕೆಲಸಕ್ಕೆ ತೆಗೆಯಬಾರದು. ನೀರನ್ನು ಬೆಳಗ್ಗೆಯೇ, ಬುಡಕ್ಕೇ ಹಾಕತಕ್ಕದ್ದು. ಸಂಜೆ ಎಲೆಯ ಮೇಲೆ ಎರಚಿದರೆ ಇರುಳೆಲ್ಲ ಎಲೆಯು ತೇವದಲ್ಲಿದ್ದು ರೋಗಗಳಿಗೆ ಎಡೆಯಾಗುತ್ತದೆ.

ಮಳೆ ಕೈಕೊಟ್ಟ ವರ್ಷದಲ್ಲಿ ಕುಡಿಯುವ ನೀರಿನ ಬಾವಿಯಿಂದ ಹೂವಿಗಾಗಿ ಒಂದು ಕೊಡವನ್ನೂ ಸೇದಕೂಡದು. ಊರಿನ ಹಿರಿಯರೇ ಈ ಕಟ್ಟನ್ನು ಮೊದಲು ಪಾಲಿಸಬೇಕು. ಜನರು ನೀರಿಗೆ ಕಾದು ನಿಂತಿರುವಾಗ ಮುಖಂಡರ ಬಾಗಿಲಲ್ಲಿ ನಗುವ ಹೂವು ಊರಿಗೆ ಶೋಭೆಯನ್ನು ತರಲಾರದು. ಅಂತಹ ವರ್ಷ ಚೆಂಡುಹೂವನ್ನೂ ಆಸ್ಟರನ್ನೂ ಕೈಬಿಟ್ಟು, ಮುಂದಿನ ವರ್ಷದ ಮರಿಗಳಿಗಾಗಿ ಹತ್ತು ಸೇವಂತಿಗೆಯ ಬುಡಗಳನ್ನು ಮಾತ್ರ ಬಚ್ಚಲ ನೀರಿನಿಂದ ಉಳಿಸಿಕೊಂಡರೆ ಸಾಕು. ನೆಲ್ಲಿ, ಎಳಚಿ, ಮುತ್ತುಗಗಳು ಎರಡು ಮೂರು ವರ್ಷ ಬೇರೂರಿದ ಮೇಲೆ ನೀರನ್ನೇ ಬೇಡುವುದಿಲ್ಲ. ಆದುದರಿಂದ ಮರಗಳನ್ನು ಮೊದಲು ನೆಟ್ಟು ಹೂಗಿಡಗಳನ್ನು ಅನಂತರ ಹಾಕುವುದು ವಿವೇಕ.

ಕೆಲವು ಎಚ್ಚರಿಕೆಗಳು

ದನಕರುಗಳು ಸುಳಿಯುವಲ್ಲಿ ಕಣಗಿಲೆಯನ್ನು ನೆಡಕೂಡದು. ಅದರ ಎಲೆಯು ದನಗಳಿಗೆ ಪ್ರಾಣಾಂತಿಕವಾದ ವಿಷ. ಪಾಯಿನ್ಸೆಟಿಯಾದ ಹಾಲು ಮೈಗೆ ತಗಲಿದರೆ ಉರಿಯಾಗುವುದುಂಟು. ಹಿಂದೆ ಅಂದದ ಗಿಡವೆಂದು ಹೊರದೇಶದಿಂದ ತಂದ ಲಂಟಾನವು ಕಾಡನ್ನೂ ಗೋಮಾಳವನ್ನೂ ಆಕ್ರಮಿಸಿದುದನ್ನು ಕಂಡವರು, ಹೆಸರು ತಿಳಿಯದ ಗಿಡವನ್ನು ಬಣ್ಣಕ್ಕೆ ಮರುಳಾಗಿ ತರಲಾರರು. ಸೇವಂತಿಗೆಯ ಕುಡಿಗೆ ಹೇನು ಬಿದ್ದಲ್ಲಿ ಬೇವಿನ ಬೀಜದ ಕಷಾಯವನ್ನು ಚಿಮುಕಿಸಬೇಕು.

ಒಟ್ಟಿನಲ್ಲಿ, ಜ್ಯೇಷ್ಠದಲ್ಲಿ ಅಗೆತ, ಆಷಾಢದಲ್ಲಿ ಸೇವಂತಿಗೆ, ಶ್ರಾವಣದಲ್ಲಿ ಚಿವುಟುವುದು, ಭಾದ್ರಪದದಲ್ಲಿ ಒಟ್ಲು, ಆಶ್ವಯುಜದಲ್ಲಿ ನಾಟಿ, ಕಾರ್ತಿಕದಲ್ಲಿ ದವನವೂ ಹೊದಿಕೆಯೂ. ಇಷ್ಟನ್ನು ತಪ್ಪದೆ ನಡೆಸಿದವರಿಗೆ ಮಾರ್ಗಶಿರದಿಂದ ಫಾಲ್ಗುಣದವರೆಗೆ ನೀರು ಹಾಕಿ ಹೂವು ಕೊಯ್ಯುವುದಷ್ಟೇ ಕೆಲಸ. ಹೂವು ಮುಗಿದ ಸೇವಂತಿಗೆಯನ್ನು ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಬುಡದಲ್ಲಿ ಮರಿಗಳು ಏಳುತ್ತವೆ. ಒಂದು ಹಿತ್ತಲಿನ ಆ ಮರಿಗಳು ಮರುವರ್ಷ ಹತ್ತು ಹಿತ್ತಲುಗಳಿಗೆ ಸಾಕಾಗುವುವು. ಊರಿನ ಹಿರಿಯರು ತಮ್ಮ ಪಾತಿಯ ಮೊದಲ ಮರಿಗಳನ್ನು ನೆರೆಯವರಿಗೂ ಶಾಲೆಯ ಮಕ್ಕಳಿಗೂ ಹಂಚಿದರೆ, ಕುಯ್ಲಾದ ಮೇಲೂ ಊರು ಬೋಳಾಗದೆ ನಿಂತೀತು.