ಬೇಸಗೆಯಲ್ಲಿ ಫಿಲ್ಮು ತೊಳೆದದ್ದು

ಹೈದರಾಬಾದಿನ ಮೇ ತಿಂಗಳನ್ನು ಕಂಡ ವಾಚಕರಿಗೆ ಮಹಡಿಯ ಮೇಲಿನ ಟ್ಯಾಂಕಿನ ನೀರು ಎಂಥದೆಂದು ಹೇಳಬೇಕಾಗಿಲ್ಲ. ಸ್ನಾನಕ್ಕೆ ನೀರು ಕಾಯಿಸುವ ಖರ್ಚು ಉಳಿಯಿತೆಂದು ನಾವು ಸಂತೋಷಪಡುತ್ತಿದ್ದೆವು. ಅದೇ ನೀರು ನಮ್ಮ ಅಜ್ಜಿಯ ಮುಖವನ್ನು ಅಳಿಸಿಹಾಕೀತೆಂದು ಎಣಿಸಿರಲಿಲ್ಲ.

ಸಂಗತಿ ಇಷ್ಟು. ಗಂಡಹೆಂಡಿರಿಬ್ಬರಿಗೂ ನಮಗೆ ಕಪ್ಪು-ಬಿಳುಪು ಛಾಯಾಚಿತ್ರದ ಹುಚ್ಚು. ಕಚೇರಿಯ ಫೈಲುಗಳಿಂದ ಬಿಡುವಾದ ದಿನ ಬಚ್ಚಲುಮನೆಯೇ ಕತ್ತಲೆಕೋಣೆ. ಸಂಕ್ರಾಂತಿಗೆ ರಾಯಚೂರಿಗೆ ಹೋದಾಗ ಅಜ್ಜಿಯನ್ನು ಪಡಸಾಲೆಯ ನೆರಳಿನಲ್ಲಿ ಕೂರಿಸಿ ಎರಡು ರೋಲು ತೆಗೆದೆವು. ಹಿಂದೆ ಅಂಗಳದ ತುಂಬ ಬಿಸಿಲು, ಬಿಸಿಲಿಗೆ ಹರವಿದ ಮೆಣಸಿನಕಾಯಿ. “ನನ್ನ ಮುಖಾ ಏನ್ ತೆಗೀತೀರಿ, ಆ ಮೆಣಸಿನಕಾಯಿ ತೆಗೀರಿ, ಬಣ್ಣರ ಅದಾವು” ಎಂದು ನಕ್ಕಳು. ನಮ್ಮ ಫಿಲ್ಮಿಗೆ ಬಣ್ಣವೇ ಇಲ್ಲವೆಂದು ಅವಳಿಗೆ ಹೇಳಲಿಲ್ಲ. ಯುಗಾದಿಗೆ ಮುಂಚೆಯೇ ತೀರಿಕೊಂಡಳು.

ಮೇ ತಿಂಗಳಲ್ಲಿ ಮೊದಲ ರೋಲು ತೊಳೆದೆವು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮು. ಐಡಿ-11 ಡೆವಲಪರಿಗೆ ಸಮಪಾಲು ನೀರು ಬೆರೆಸಿದರೆ 13 ನಿಮಿಷವೆಂದು ಕೋಷ್ಟಕ. ಸರ್ಕಾರಿ ಸುತ್ತೋಲೆಯಂತೆ ಇಲ್ಲಿಯೂ ಷರತ್ತು ಬದಿಯಲ್ಲಿರುತ್ತದೆ: 20 ಡಿಗ್ರಿ ಉಷ್ಣತೆಯಲ್ಲಿ. ಸುತ್ತೋಲೆಗಳನ್ನೇ ಓದಿ ಹೊಟ್ಟೆ ಹೊರೆಯುವ ನಾವು ಅದನ್ನು ಓದದೆ ಬಿಟ್ಟೆವು. ನಮ್ಮ ನೀರು 34 ಡಿಗ್ರಿ ಇತ್ತು. ಸಾಲದ್ದಕ್ಕೆ ಕೊನೆಯಲ್ಲಿ ಫ್ರಿಜ್ಜಿನ ತಣ್ಣೀರಿನಲ್ಲಿ ಜಾಲಿಸಿದೆವು. ನೆಗೆಟಿವ್ ಇದ್ದಲಿನಂತೆ ಕಪ್ಪು. ಬಿಸಿಯಲ್ಲಿ ಉಬ್ಬಿದ ಜಿಲೆಟಿನ್ ಪದರ ಒಮ್ಮೆಗೇ ಕುಗ್ಗಿ, ಬತ್ತಿದ ಕೆರೆಯ ತಳದಂತೆ ಬಿರುಕುಬಿಟ್ಟಿತ್ತು. ಆ ರಾತ್ರಿ ಮನೆಯಲ್ಲಿ ಮಾತಿಲ್ಲ.

ಉಳಿದದ್ದು ಒಂದೇ ರೋಲು. ಅದನ್ನು ಮುಟ್ಟುವ ಮೊದಲು ಲೆಕ್ಕ ಕಲಿತೆವು. ಉಷ್ಣತೆ ಏರಿದಂತೆ ಡೆವಲಪರು ಚುರುಕಾಗುತ್ತದೆ. ಡಿಗ್ರಿಗೆ ಸುಮಾರು ಹತ್ತನೆಯ ಒಂದು ಪಾಲು ವೇಳೆ ಇಳಿಸಬೇಕು. 20 ಡಿಗ್ರಿಯಲ್ಲಿ 4 ನಿಮಿಷ ಬೇಕಾದದ್ದಕ್ಕೆ 23ರಲ್ಲಿ 3 ಸಾಕು, 16ರಲ್ಲಿ 6 ಬೇಕು. ಹಾಗಾದರೆ 34 ಡಿಗ್ರಿಗೆ ನಮ್ಮ 13 ನಿಮಿಷ ಮೂರೂವರೆಗೆ ಇಳಿಯಬೇಕಿತ್ತು. ಆದರೆ ಐದು ನಿಮಿಷಕ್ಕಿಂತ ಕಡಿಮೆಯಾದರೆ ದ್ರವ ಎಲ್ಲೆಡೆ ಸಮನಾಗಿ ಕೆಲಸಮಾಡದೆ ಕಲೆ ಬೀಳುವ ಭಯ. ಎಂದರೆ ಬರಿಯ ಗಡಿಯಾರದಿಂದ ಆಗದು, ನೀರನ್ನೂ ತಣಿಸಬೇಕು.

ಆಗೆಲ್ಲ ನೆನಪಾದವರು ರಾಜಾ ದೀನ್ ದಯಾಳ್ (1844–1905). ಆರನೆಯ ನಿಜಾಮರ ಆಸ್ಥಾನದ ಈ ಛಾಯಾಚಿತ್ರಕಾರರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿ, ಇದೇ ಬೇಸಗೆಗಳಲ್ಲಿ ಗಾಜಿನ ಫಲಕಗಳನ್ನು ತೊಳೆದವರು. ಮನೆಯಲ್ಲಿ ಫ್ರಿಜ್ಜು ಇಟ್ಟುಕೊಂಡ ನಮಗೆ ನಾಚಿಕೆಯಾಯಿತು.

ಹಿಂದಿನ ರಾತ್ರಿಯೇ ಮಣ್ಣಿನ ಹೂಜಿಗಳಲ್ಲಿ ನೀರು ತುಂಬಿಟ್ಟೆವು. ಬೆಳಗಿನ ಜಾವ 26 ಡಿಗ್ರಿ. ಡೆವಲಪರು, ಹೈಪೊ ಎರಡರ ಬಾಟಲಿಗಳನ್ನೂ ಮಂಜುಗಡ್ಡೆಯ ಬಕೆಟ್ಟಿನಲ್ಲಿ ನಿಲ್ಲಿಸಿ 24ಕ್ಕೆ ತಂದೆವು. (ಮಂಜುಗಡ್ಡೆಯನ್ನು ಡೆವಲಪರಿಗೇ ಹಾಕಬಾರದು, ನೀರಾಗುತ್ತದೆ.) ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಹತ್ತಿರದ ಉಷ್ಣತೆಯಲ್ಲಿದ್ದರೆ ಪದರ ಬಿರಿಯದು.

24 ಡಿಗ್ರಿಗೆ ಲೆಕ್ಕ ಸುಮಾರು 9 ನಿಮಿಷ. ಇಲ್ಲಿ ನಮ್ಮಿಬ್ಬರಿಗೂ ಜಗಳ. ನೆರಳಿನ ಮುಖಕ್ಕೆಂದು ಧಾರಾಳವಾಗಿ ಬೆಳಕು ಕೊಟ್ಟು ತೆಗೆದ ಚಿತ್ರಗಳಿವು. ನೆರಳಿನ ವಿವರ ಬಹುಮಟ್ಟಿಗೆ ಕ್ಯಾಮೆರಾದಲ್ಲಿಯೇ ನಿಶ್ಚಯವಾಗುತ್ತದೆ. ಬಿಸಿಲಿನ ಭಾಗ ಮಾತ್ರ ಡೆವಲಪರಿನಲ್ಲಿದ್ದಷ್ಟೂ ಕಪ್ಪಾಗುತ್ತ ಹೋಗುತ್ತದೆ. ಆದ್ದರಿಂದ ಇನ್ನೂ ಇಳಿಸೋಣವೆಂದು ಒಬ್ಬರು. ಇಳಿಸಿದರೆ ಮುಖ ಸಪ್ಪೆಯಾದೀತೆಂದು ಇನ್ನೊಬ್ಬರು. ಕೊನೆಗೆ ಏಳು ನಿಮಿಷ ನಲವತ್ತು ಸೆಕೆಂಡಿಗೆ ರಾಜಿಯಾಯಿತು. ಒಬ್ಬರು ಗಡಿಯಾರ ಹಿಡಿದೆವು, ಒಬ್ಬರು ನಿಮಿಷಕ್ಕೊಮ್ಮೆ ನಾಲ್ಕು ಸಲ ಡಬ್ಬಿಯನ್ನು ಬೋರಲು ಮಾಡಿ ಎತ್ತಿದೆವು.

ಹೈಪೊ ಮುಗಿದು ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದಾಗ ಮೊದಲು ಕಂಡದ್ದು ಮೂಗುತಿ. ನೆಗೆಟಿವಿನಲ್ಲಿ ಅದೊಂದು ಕಪ್ಪು ಚುಕ್ಕೆ. ಸುತ್ತ ಸುಕ್ಕುಸುಕ್ಕಾಗಿ ಮುಖವೆಲ್ಲ ಇತ್ತು. ಹಿಂದಿನ ಮೆಣಸಿನಕಾಯಿಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಒಂದು ಚಿತ್ರದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಾಳೆ. ಅದನ್ನೂ ಪ್ರಿಂಟು ಹಾಕಿದ್ದೇವೆ.